ಸಂಪಾದಕೀಯ: ಜೈಸ್ ಗುಡ್ಡೆಗೆ ಹೊರಡುವ ಮೊದಲು

ರಾಜ್ಯೋತ್ಸವದ ಬ್ಯಾನರ್ ಇನ್ನೂ ಯಾರದೋ ಕಾರಿನ ಡಿಕ್ಕಿಯಲ್ಲೇ ಇದೆ, ಅಷ್ಟರಲ್ಲಿ ಯುಎಇ ರಾಷ್ಟ್ರೀಯ ದಿನದ, ಅಂದರೆ ಡಿಸೆಂಬರ್ 2, 3ರ ರಜೆಯ ಮಾತು ಶುರುವಾಗಿದೆ. ಇಲ್ಲಿರುವ ಕಾಸರಗೋಡು ಕಡೆಯ ಕನ್ನಡಿಗರಾದ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಈ ವಾರ ಎಲ್ಲರಿಗೂ ಒಂದೇ ಜಪ: ರಾಸ್ ಅಲ್ ಖೈಮಾ, ಅಲ್ಲಿನ ಜಬಲ್ ಜೈಸ್ ಬೆಟ್ಟ, ಆ ಬೆಟ್ಟದಲ್ಲಿ ಹಳಿಯ ಮೇಲೆ ಜಾರಿ ಇಳಿಯುವ ಬಂಡಿ ಸ್ಲೆಡ್ಡರ್. ಮಕ್ಕಳ ಪುಟಕ್ಕೆ ಬಂದ ಬರಹವೂ ಅದರ ಮೇಲೆಯೇ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದಿದ್ದಾಳೆ: "ಪೆರ್ಲದ ಅಜ್ಜನ ಮನೆಯ ಅಡಿಕೆ ಹಾಳೆಗೆ ಬ್ರೇಕ್ ಇಲ್ಲ. ಜೈಸಿನ ಬಂಡಿಗೆ ಬ್ರೇಕ್ ಇದೆ. ಆದರೆ ಅಪ್ಪ ಅದನ್ನು ಹಿಡಿಯುವುದಿಲ್ಲ."

ಆ ಕೊನೆಯ ವಾಕ್ಯದಿಂದಾಗಿ ಈ ಸಲದ ಸಂಪಾದಕೀಯ ಗಡಿನಾಡ ಸಮಸ್ಯೆ ಬಿಟ್ಟು ಬ್ರೇಕಿನ ಬಗ್ಗೆ.

ಮೊದಲು ಬಂಡಿಯ ರಚನೆ. ಹಳಿ ಎಂದರೆ ಉಕ್ಕಿನ ಎರಡು ಕೊಳವೆಗಳು. ಬಂಡಿಯ ಗಾಲಿಗಳು ಕೊಳವೆಯ ಮೇಲೆ ಓಡುತ್ತವೆ, ಅಡಿಯಿಂದಲೂ ಅದನ್ನು ಹಿಡಿದುಕೊಂಡಿರುತ್ತವೆ. ಹಾಗಾಗಿ ತಿರುವಿನಲ್ಲಿ ಬಂಡಿ ಹಳಿ ಬಿಟ್ಟು ಹಾರೀತು ಎಂಬ ಹೆದರಿಕೆ ಬೇಡ. ಎಂಜಿನ್ ಇಲ್ಲ. ಮೇಲಕ್ಕೆ ಎಳೆಯುವುದು ಕೇಬಲ್, ಕೆಳಕ್ಕೆ ತರುವುದು ಇಳಿಜಾರು. ಕೂತವರ ಎರಡೂ ಬದಿಗೆ ಒಂದೊಂದು ಲಿವರ್: ಮುಂದಕ್ಕೆ ದೂಡಿದರೆ ಬ್ರೇಕ್ ಸಡಿಲ, ಹಿಂದಕ್ಕೆ ಎಳೆದರೆ ಬಿಗಿ. ಉಳಿದ ರೋಲರ್ ಕೋಸ್ಟರುಗಳಲ್ಲಿ ನಾವು ಬರೀ ಸಾಮಾನಿನ ಮೂಟೆ, ಕಟ್ಟಿ ಕೂರಿಸಿದರೆ ಆಯಿತು. ಇಲ್ಲಿ ಡ್ರೈವರ್ ನಾವೇ. ನಮ್ಮವರಿಗೆ ಇದು ಟಿಕೆಟ್ ತೆಗೆಯುವಾಗ ಖುಷಿ ಕೊಡುತ್ತದೆ, ಬೆಲ್ಟ್ ಹಾಕಿದ ಮೇಲೆ ಮರೆತುಹೋಗುತ್ತದೆ.

2022ರಲ್ಲಿ ತೆರೆದ ಜೈಸ್ ಸ್ಲೆಡ್ಡರಿನ ಹಳಿ 1,840 ಮೀಟರ್, ವೇಗ ಗಂಟೆಗೆ 40 ಕಿ.ಮೀ. ವರೆಗೆ. (ಆಸ್ಟ್ರಿಯಾದ ಇಮ್ಸ್ಟ್‌ನಲ್ಲಿರುವುದು ಮೂರೂವರೆ ಕಿಲೋಮೀಟರ್. ಯುರೋಪಿನಲ್ಲಿ ಮಗಳ ಮನೆ ಇರುವವರು ಗಮನಿಸಿ.) ನಲವತ್ತು ಎಂದರೆ ಶೇಖ್ ಮೊಹಮ್ಮದ್ ಬಿನ್ ಝಾಯೆದ್ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ನಗು ಬರುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ತಡೆಯೇ ಇಲ್ಲದಿದ್ದರೆ ಬಂಡಿ ಬರೀ ಆರೂಕಾಲು ಮೀಟರ್ ಕೆಳಗಿಳಿದರೆ ಸಾಕು, ನಲವತ್ತರ ವೇಗ ಬಂದುಬಿಡುತ್ತದೆ. ಗಾಲಿಯ ತಿಕ್ಕಾಟ, ಎದುರುಗಾಳಿ ಸ್ವಲ್ಪ ತಿನ್ನುತ್ತವೆ ನಿಜ. ಅದರ ನಂತರದ ಇಳಿತದಲ್ಲಿ ಹುಟ್ಟುವ ವೇಗವನ್ನೆಲ್ಲ ಬ್ರೇಕೇ ಶಾಖವಾಗಿ ಕಳೆಯಬೇಕು. ಈ ತಯಾರಿಯಲ್ಲಿ ಹೆಸರಾದ ಜರ್ಮನಿಯ ವೀಗಾಂಡ್ ಕಂಪನಿಯ ಬಂಡಿಗಳಲ್ಲಿ ವೇಗ ಏರಿದಷ್ಟೂ ತಾನಾಗಿ ಬಿಗಿಯಾಗುವ ಇನ್ನೊಂದು ಬ್ರೇಕ್ ಇರುತ್ತದೆ. ವೇಗ ಮಿತಿ ಮೀರದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಮುಂದಿರುವ ಬಂಡಿ ಅದಕ್ಕೆ ಕಾಣುವುದಿಲ್ಲ.

ಅಪಾಯ ಇರುವುದು ಅಲ್ಲೇ. ಇಂಥ ಕೋಸ್ಟರುಗಳಲ್ಲಿ ಹೆಚ್ಚಾಗಿ ಪೆಟ್ಟಾಗುವುದು ಬಿದ್ದು ಅಲ್ಲ, ಹಿಂದಿನ ಬಂಡಿ ಬಂದು ಗುದ್ದಿ. ಕುತ್ತಿಗೆ, ಸೊಂಟ ಹಿಡಿದುಕೊಳ್ಳುತ್ತದೆ, ತುಟಿ ಒಡೆಯುತ್ತದೆ. ಸಾಮಾನ್ಯವಾಗಿ ಹೇಳುವ ಅಂತರ 25 ಮೀಟರ್. ನಲವತ್ತರ ವೇಗದಲ್ಲಿ ಅದು ಮುಗಿಯಲು ಎರಡೂಕಾಲು ಸೆಕೆಂಡ್ ಸಾಕು. ಮುಂದಿನವರು ಕಣಿವೆ ಚಂದ ಕಂಡಿತೆಂದು ಸೆಲ್ಫಿಗೆ ನಿಲ್ಲಿಸುತ್ತಾರೆ, ಹಿಂದಿನವರು ತಿರುವಿನಲ್ಲಿ ಇರುತ್ತಾರೆ. ತಪ್ಪು ಯಾರದು ಎಂದು ಆಮೇಲೆ ಚರ್ಚೆ ಮಾಡಬಹುದು, ಆದರೆ ಅಷ್ಟರಲ್ಲಿ ಫೋನ್ ಕಣಿವೆಯ ತಳ ಸೇರಿರುತ್ತದೆ.

ಹಾಳೆಯ ವಿಷಯ ಆ ಹುಡುಗಿ ಎತ್ತಿದ್ದರಿಂದ ಒಂದು ಮಾತು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಇಲ್ಲೇ ಹುಟ್ಟಿದ ಮಕ್ಕಳಿಗಾಗಿ ಬರೆಯುವುದು. ಮಳೆ ಬಿಟ್ಟು ಗುಡ್ಡೆಯ ಮುಳಿಹುಲ್ಲು ಒಣಗಿ ನುಣುಪಾದ ಮೇಲೆ ಹಾಳೆಯ ಕಾಲ. ತೋಟದಲ್ಲಿ ಬಿದ್ದದ್ದೆಲ್ಲ ಆಗುವುದಿಲ್ಲ. ತೀರಾ ಒಣಗಿದ್ದು ಮೊದಲ ಉಬ್ಬಿಗೇ ಚರ್ರೆಂದು ಸೀಳುತ್ತದೆ. ಆಗಷ್ಟೇ ಬಿದ್ದ ಹಸಿ ಹಾಳೆ ಭಾರ, ಜಾರುವುದಿಲ್ಲ. ಅಂಚು ಒಳಕ್ಕೆ ಸುರುಳಿ ಸುತ್ತುವ ಮೊದಲು ಎತ್ತಿಕೊಂಡದ್ದೇ ಸರಿ. ಗರಿ ಸವರಿ ದಂಟು ಉಳಿಸಿಕೊಳ್ಳಬೇಕು. ಅಗಲದ ಕಡೆ ಕೂತು, ದಂಟನ್ನು ಕಾಲುಗಳ ನಡುವೆ ಎತ್ತಿ ಹಿಡಿದರೆ ಮುಂದಿನ ತುದಿ ನೆಲಕ್ಕೆ ಕುತ್ತುವುದಿಲ್ಲ. ನಿಲ್ಲಿಸಲು ಎರಡೂ ಹಿಮ್ಮಡಿ. ಮುರಕಲ್ಲಿನ ಅಂಚು ಎದುರಾದರೆ ಹಿಮ್ಮಡಿಯೂ ಇಲ್ಲ, ಬದಿಗೆ ಉರುಳುವುದೊಂದೇ ದಾರಿ. ಚಡ್ಡಿ ಹೋಗುತ್ತದೆ, ಮೊಣಕಾಲಿನ ಚರ್ಮ ಹೋಗುತ್ತದೆ, ಮನೆಯಲ್ಲಿ ಗೊತ್ತಾದರೆ ಬೆನ್ನಿಗೂ ಬೀಳುತ್ತದೆ. ಆದರೂ ಒಂದು ಕಟ್ಟಳೆ ಮಾತ್ರ ಎಂಥ ಪೋಕರಿಯೂ ಮುರಿಯುತ್ತಿರಲಿಲ್ಲ: ಕೆಳಗೆ ಮುಟ್ಟಿದವನು ಎದ್ದು, ಹಾಳೆ ಎತ್ತಿಕೊಂಡು, ಬದಿಗೆ ಸರಿದು ಕೂ ಹಾಕಬೇಕು. ಆ ಕೂ ಕೇಳಿದ ಮೇಲೆಯೇ ಮೇಲಿನವನ ಸರದಿ. ಯಾರೂ ಬೋರ್ಡ್ ಬರೆದು ಹಾಕಿರಲಿಲ್ಲ. ಒಮ್ಮೆ ಒಬ್ಬನ ಮೇಲೊಬ್ಬ ಬಿದ್ದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಆ ಗುಡ್ಡೆಗಳಲ್ಲಿ ಎಷ್ಟೋ ಕಡೆ ಈಗ ಮುಳಿ ಇಲ್ಲ, ರಬ್ಬರ್ ಇದೆ. ಇರಲಿ.

ಜೈಸಿನಲ್ಲಿ ಕೂ ಹಾಕುವವರಿಲ್ಲ, ಹಾಗಾಗಿ ಹತ್ತುವ ಕ್ರಮವನ್ನು ಮನೆಯವರೇ ಯೋಚಿಸಿ. ಭಾರದ ಬಂಡಿ ಸಾಧಾರಣವಾಗಿ ಬೇಗ ಓಡುತ್ತದೆ, ಆದ್ದರಿಂದ ಇಬ್ಬರು ಕೂತದ್ದೂ ಧೈರ್ಯಸ್ಥರದ್ದೂ ಮೊದಲು ಹೋಗಲಿ. ಹೆದರಿ ಬ್ರೇಕ್ ಹಿಡಿದುಕೊಂಡೇ ಬರುವ ಅತ್ತಿಗೆಯನ್ನು ಮುಂದೆ ಕಳಿಸಿ ಅವರ ಹಿಂದೆ ಭಾವ ಹೊರಡುವುದು ಬೇಡ. ಕೊನೆಗೆ ಹೋಗುವವರು ಕೂರುವಾಗಲೇ ಸಿಬ್ಬಂದಿಗೆ ಹೇಳಿ: "ನಾನು ನಿಧಾನ, ಹಿಂದಿನವರನ್ನು ಸ್ವಲ್ಪ ತಡೆದು ಬಿಡಿ." ಅಲ್ಲಿ ಬೇಕಾದಷ್ಟು ಮಲಯಾಳಿಗಳಿದ್ದಾರೆ, ಭಾಷೆಯ ತೊಂದರೆ ನಮಗಂತೂ ಇಲ್ಲ.

ವಯಸ್ಸು, ಎತ್ತರ, ತೂಕ ಮೂರಕ್ಕೂ ಮಿತಿ ಇದೆ. ಟಿಕೆಟ್ ಬುಕ್ ಮಾಡುವ ಮೊದಲೇ ಓದಿಕೊಳ್ಳಿ, ಮಗುವನ್ನು ಕ್ಯೂನಲ್ಲಿ ನಿಲ್ಲಿಸಿ ಆಮೇಲೆ ಅಳಿಸಬೇಡಿ. ಗರ್ಭಿಣಿಯರು, ಕುತ್ತಿಗೆ, ಬೆನ್ನು, ಹೃದಯದ ತೊಂದರೆ ಇರುವವರು ಹತ್ತುವುದೇ ಬೇಡ. ದುಪಟ್ಟಾ, ಸೆರಗು, ಉದ್ದ ಜಡೆ, ಜಾಕೆಟಿನ ನೇತಾಡುವ ದಾರ ಗಾಲಿಗೆ ಸಿಗದಂತೆ ಒಳಗೆ ಕಟ್ಟಿ. ಚಪ್ಪಲಿ ಬೇಡ, ಶೂ ಹಾಕಿ. ಕನ್ನಡಕಕ್ಕೆ ಹಗ್ಗ, ಫೋನಿಗೆ ಜಿಪ್ ಇರುವ ಕಿಸೆ. ಲಿವರ್ ಕೈಬಿಟ್ಟರೆ ಬಂಡಿ ತಾನೇ ನಿಲ್ಲುತ್ತದೋ ಇಲ್ಲವೋ ಎಂದು ಹೊರಡುವ ಮೊದಲೇ ಕೇಳಿ, ಮಾದರಿಯಿಂದ ಮಾದರಿಗೆ ವ್ಯತ್ಯಾಸ ಇರಬಹುದು. ಮೊದಲ ತಿರುವಿಗೆ ಮುಂಚೆ ಒಮ್ಮೆ ಮೆಲ್ಲ ಎಳೆದು ಹಿಡಿತ ಹೇಗಿದೆ ನೋಡಿ. ಬ್ರೇಕ್ ಹಿಡಿಯಬೇಕಾದ್ದು ತಿರುವಿನ ಒಳಗಲ್ಲ, ಅದಕ್ಕೆ ಮೊದಲು. ಹನಿ ಬಿದ್ದಿದ್ದರೆ ಹಿಡಿತ ಕಡಿಮೆ, ಅಂತರ ಎರಡರಷ್ಟು ಇರಲಿ. ಕೇಬಲ್ ಎಳೆಯುವಾಗ ಮಧ್ಯದಲ್ಲಿ ನಿಂತರೆ ಬೆಲ್ಟ್ ಬಿಚ್ಚಿ ಇಳಿಯಬೇಡಿ. ಇಳಿದು ನಡೆಯಲು ಅದು ಕುಂಬಳೆ ಸ್ಟೇಷನ್ ಅಲ್ಲ.

ದಾರಿಯ ಬಗ್ಗೆ ಚುಟುಕಾಗಿ. ದುಬೈ, ಶಾರ್ಜಾದವರಿಗೆ ಇ311, ಅಂದರೆ ಅದೇ ಶೇಖ್ ಮೊಹಮ್ಮದ್ ಬಿನ್ ಝಾಯೆದ್ ರಸ್ತೆ ಹಿಡಿದರೆ ರಾಸ್ ಅಲ್ ಖೈಮಾ ತಲುಪುತ್ತದೆ. ಪೆಟ್ರೋಲ್ ಬುಡದಲ್ಲೇ ತುಂಬಿಸಿಕೊಳ್ಳಿ. ಮೇಲೆ ಉಷ್ಣಾಂಶ ಕೆಳಗಿಗಿಂತ ಹತ್ತು ಡಿಗ್ರಿ ಕಡಿಮೆ ಇರಬಹುದು, ಸಂಜೆಗೆ ಮಕ್ಕಳಿಗೆ ಸ್ವೆಟರ್ ಬೇಕೇಬೇಕು. ಮಳೆ, ಗಾಳಿ ಇದ್ದರೆ ಸ್ಲೆಡ್ಡರ್ ಮಾತ್ರವಲ್ಲ, ರಸ್ತೆಯನ್ನೇ ಮುಚ್ಚುವುದುಂಟು. ತೆರೆದಿದೆಯೇ ಎಂದು ಅಂದು ಬೆಳಗ್ಗೆ ನೋಡಿಯೇ ಹೊರಡಿ. ಬುತ್ತಿಗೆ ಸಜ್ಜಿಗೆ ಅವಲಕ್ಕಿ ಸಾಕು, ತಿರುವು ಹತ್ತುವ ಮೊದಲು ಹೊಟ್ಟೆ ತುಂಬ ಪತ್ರೊಡೆ ತಿಂದವರ ಕಥೆ ಬರೆಯುವಂಥದ್ದಲ್ಲ. ಇಳಿಯುವಾಗ ಆಟೋಮ್ಯಾಟಿಕ್ ಕಾರಿನವರು ಡಿ ಬಿಟ್ಟು ಕೆಳಗಿನ ಗೇರ್ ಹಾಕಿ. ಪೆಡಲ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಸಂಪಾಜೆ ಘಾಟಿಯಲ್ಲಿ ಬಸ್ಸಿನವರು ಗೇರಿನಲ್ಲೇ ಇಳಿಸುವುದು ಸುಮ್ಮನೆ ಅಲ್ಲ ಮಾರಾಯ್ರೆ.

ಇನ್ನು ಪ್ರಕಟಣೆಗಳು, ಜಾಗ ಇಷ್ಟೇ ಉಳಿದಿದೆ. ತಾಳಮದ್ದಳೆ ಡಿಸೆಂಬರ್ ಎರಡನೇ ಶನಿವಾರ ಸಂಜೆ, ಭಾಗವತರ ವೀಸಾ ಆಗಿದೆ, ಚಹಾ ಮಾಡುವವರು ಬೇಕು. ಕನ್ನಡ ಕ್ಲಾಸಿಗೆ ರಜೆಯ ವಾರ ಬಿಡುವು, ನಂತರ ಎಂದಿನಂತೆ ಭಾನುವಾರ. ಚಂದಾ ಬಾಕಿ ಇರುವವರ ಹೆಸರು ಹಾಕುವುದಿಲ್ಲ, ಅವರಿಗೇ ಗೊತ್ತಿದೆ. ಈ ಪತ್ರಿಕೆಯ ಪುಟ ಕಟ್ಟುತ್ತಿದ್ದವರು ಜನವರಿಯಲ್ಲಿ ಖಾಯಂ ಆಗಿ ನೀರ್ಚಾಲಿಗೆ ಹೊರಟಿದ್ದಾರೆ. ತಿಂಗಳಿಗೆ ಎರಡು ರಾತ್ರಿ ಪುರುಸೊತ್ತು ಇರುವ, ಕನ್ನಡ ಟೈಪಿಂಗ್ ಬರುವ ಒಬ್ಬರಾದರೂ ಮುಂದೆ ಬರಬೇಕು, ಬರದಿದ್ದರೆ ಫೆಬ್ರವರಿ ಸಂಚಿಕೆ ಇಲ್ಲ, ಇದು ಬೆದರಿಕೆ ಅಲ್ಲ. ಮಕ್ಕಳ ಬರಹವನ್ನು ಅವರ ಕೈಬರಹದಲ್ಲೇ ಕಳಿಸಿ, ದೊಡ್ಡವರು ತಿದ್ದಬೇಡಿ. ಜೈಸಿನ ಫೋಟೋಗಳಿಗೆ ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಇಟ್ಟಿದ್ದೇವೆ. ಬಂಡಿ ಓಡುತ್ತಿರುವಾಗ ಕೂತವರೇ ತೆಗೆದದ್ದನ್ನು ಹಾಕುವುದಿಲ್ಲ, ಎಷ್ಟೇ ಚಂದ ಬಂದಿರಲಿ.