ಕೇಸು ಮುಗಿಯುವ ತನಕ ಹೊಟ್ಟೆಗೇನು?

ಮಾನ್ಯ ಸಂಪಾದಕರೇ,

ನಮ್ಮ ಹುಬ್ಬಳ್ಳಿಯಲ್ಲಿ ಎಲ್ಲಾದರೂ ಚಾಕು ಇರಿತವೋ ಸರಣಿ ಕಳವೋ ಆದರೆ ಸಾಕು, ರೌಡಿ ಪರೇಡಿನ ಫೋಟೊ ಪೇಪರಿನಲ್ಲಿ ಬರುತ್ತದೆ. ಸಾಹೇಬರು ಗದರಿಸಿದರು ಅಂತ ಓದಿ ನಮಗೂ ಸಮಾಧಾನ. ಆ ಸಾಲಿನಲ್ಲಿ ನಿಜವಾದ ಪುಂಡರೂ ಇರುತ್ತಾರೆ, ಇಲ್ಲ ಅನ್ನಲ್ಲ. ಆದರೆ ಉಳಿದ ಹುಡುಗರು ಮರುದಿನ ಬೆಳಿಗ್ಗೆ ಎಲ್ಲಿಗೆ ಕೆಲಸಕ್ಕೆ ಹೋಗಬೇಕು ಅಂತ ಯಾರೂ ಕೇಳುವುದಿಲ್ಲ.

ಹಳೇ ಹುಬ್ಬಳ್ಳಿಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಕುಂದಗೋಳ, ಕಲಘಟಗಿ ಕಡೆಯಿಂದ ಸುಟ್ಟ ಪಂಪ್‌ಸೆಟ್‌ಗಳು ಬಾಗಿಲ ತನಕ ರಾಶಿ ಬೀಳುತ್ತವೆ. ಸೆಟ್ಲಮೆಂಟ್ ಎಂಬ ಬಡಾವಣೆಯ ಹುಡುಗನೊಬ್ಬ ನನ್ನ ಹತ್ತಿರ ಇದ್ದಾನೆ. ಐಟಿಐ ಎಲೆಕ್ಟ್ರಿಷಿಯನ್. ಹದಿನೆಂಟು ತುಂಬಿದ ಹೊಸದರಲ್ಲಿ ಗೆಳೆಯನ ಜೊತೆ ಸೇರಿ, ಕಟ್ಟುತ್ತಿದ್ದ ಮನೆಯೊಂದರಿಂದ ವೈರ್ ಬಂಡಲ್ ಎತ್ತಿ ಸಿಕ್ಕಿಬಿದ್ದಿದ್ದ. ತಪ್ಪೇ ಅದು. ಗೆಳೆಯನ ಅಪ್ಪ ಅನುಕೂಲಸ್ಥ. ಠಾಣೆಗೆ ಹೋಗಿ ಮಾತಾಡಿದರು, ಮಗನ ಹೆಸರು ಎಫ್‌ಐಆರ್‌ಗೆ ಬರಲೇ ಇಲ್ಲ. ಈಗ ಅವನು ಬೆಂಗಳೂರಿನಲ್ಲಿ ಆರಾಮಾಗಿದ್ದಾನೆ. ಇವನು ಇನ್ನೂ ತಾರೀಖಿಗೆ ಅಲೆಯುತ್ತಿದ್ದಾನೆ.

ನನ್ನ ಹತ್ತಿರ ಬರುವ ಮೊದಲು ಒಂದು ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೆ ಹೋಗಿದ್ದನಂತೆ. ಕೆಲಸ ಮಾಡಿಸಿ ನೋಡಿ ಒಪ್ಪಿದರು. ಆಮೇಲೆ ಪೊಲೀಸ್ ವೆರಿಫಿಕೇಶನ್ ತಾ ಅಂದರು, ಅಲ್ಲಿಗೆ ಮುಗೀತು. ಇನ್ನೊಂದು ಕಡೆ ವಿಳಾಸ ನೋಡಿಯೇ 'ಫೋನ್ ಮಾಡ್ತೀವಿ' ಅಂದು ಕಳಿಸಿದರು. ಅದೇ ಹೊತ್ತಿಗೆ ಹಳೇ ದೋಸ್ತರು ದಿನಾ ಫೋನ್ ಮಾಡುತ್ತಿದ್ದರು. ಅವರು ಸರ್ಟಿಫಿಕೇಟ್ ಕೇಳುವವರಲ್ಲ ನೋಡಿ.

ಆ ವಿಳಾಸದ ಕಥೆ ಹಳೆಯದು. 1871ರಲ್ಲಿ ಬ್ರಿಟಿಷರು ಕೆಲವು ಸಮುದಾಯಗಳೇ ಅಪರಾಧಿಗಳು ಅಂತ ಕಾನೂನು ಮಾಡಿದರು. ಮುಂದೆ ಆ ಜನರನ್ನು ಹುಬ್ಬಳ್ಳಿ, ಗದಗದಂಥ ಊರುಗಳಿಗೆ ತಂದು, ಸೆಟ್ಲಮೆಂಟ್ ಅಂತ ಹೆಸರಿಟ್ಟ ಬೇಲಿಯೊಳಗೆ ಕೂಡಿಹಾಕಿ, ಹಾಜರಿ ತೆಗೆದುಕೊಂಡು ಮಿಲ್ಲಿಗೆ ಕೆಲಸಕ್ಕೆ ಕಳಿಸುತ್ತಿದ್ದರು. 1952ರಲ್ಲಿ ಆ ಕಾನೂನು ರದ್ದಾಯಿತು. ಅಲ್ಲಿ ಈಗ ಮೂರು ತಲೆಮಾರು ಸ್ವತಂತ್ರವಾಗಿ ಹುಟ್ಟಿ ಬೆಳೆದಿದೆ. ಅರ್ಜಿ ಹಿಡಿದ ಮ್ಯಾನೇಜರಿಗೆ ಮಾತ್ರ ಇನ್ನೂ ಬೇಲಿಯೇ ಕಾಣುತ್ತದೆ.

ಬಡವರೆಲ್ಲ ಕದಿಯುತ್ತಾರಾ ಅಂತ ನನ್ನ ತಮ್ಮನೇ ಜಗಳ ತೆಗೆಯುತ್ತಾನೆ. ಇಲ್ಲಪ್ಪಾ, ಬಹಳಷ್ಟು ಜನ ಉಪವಾಸ ಬಿದ್ದರೂ ಕದಿಯುವುದಿಲ್ಲ. (ಚೀಟಿ ದುಡ್ಡು ಮುಳುಗಿಸುವವರು ಇಸ್ತ್ರಿ ಅಂಗಿಯಲ್ಲೇ ಇರುತ್ತಾರೆ, ಅದು ಬೇರೆ ಮಾತು.) ನಾನು ಹೇಳುವುದು ಇಷ್ಟೇ. ಒಮ್ಮೆ ಎಡವಿದವನಿಗೆ ದುಡಿಯುವ ದಾರಿ ಮುಚ್ಚಿದರೆ ಅವನು ಎರಡನೇ ಸಲ ಎಡವುವುದು ಜಾಸ್ತಿ. ಅಪ್ಪನ ಹತ್ತಿರ ದುಡ್ಡಿದ್ದವನಿಗೆ ಆ ದಾರಿ ಮುಚ್ಚುವುದೇ ಇಲ್ಲ.

ನಮ್ಮ ಕೆಲಸದಲ್ಲಿ ಆಸೆ ಹುಟ್ಟಿಸುವ ಮಾಲು ತಾಮ್ರ. ಸುಟ್ಟ ಮೋಟಾರಿನ ಕಾಯಿಲ್ ಒಂದು ಬದಿ ಕತ್ತರಿಸಿ, ಕಾಯಿಲ್ ಕೂತ ಕಬ್ಬಿಣದ ಭಾಗ, ಅಂದರೆ ಸ್ಟೇಟರ್, ಬಿಸಿ ಮಾಡಿ, ಇನ್ನೊಂದು ಬದಿಯಿಂದ ಎಳೆದು ತೆಗೆಯುತ್ತೇವೆ. ಗುಜರಿಯಲ್ಲಿ ಅದಕ್ಕೆ ಕಬ್ಬಿಣದ ಹತ್ತು ಪಟ್ಟಿಗಿಂತ ಜಾಸ್ತಿ ರೇಟು. ತೂಕ ಹಾಕಿ ಬುಕ್ಕಿನಲ್ಲಿ ಬರೆಯುವವನು ಈ ಹುಡುಗನೇ. ತಡ ಮಾಡಿ ಬರುತ್ತಾನೆ, ಮೊಬೈಲ್ ಹೆಚ್ಚು ನೋಡುತ್ತಾನೆ, ಅದಕ್ಕೆ ಬೈಯುತ್ತೇನೆ. ತಾಮ್ರದ ಲೆಕ್ಕ ಮಾತ್ರ ತಪ್ಪಿಲ್ಲ.

ಕಾನೂನು ಇಂಥವರ ಮೇಲೆ ಅಷ್ಟು ಕಠಿಣವಾಗಿಲ್ಲ. ಸಣ್ಣ ತಪ್ಪು ಮಾಡಿದವನನ್ನು ಜೈಲಿಗೆ ಹಾಕದೆ, ಒಳ್ಳೆ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಕಾಯ್ದೆ 1958ರಿಂದಲೇ ಇದೆ. ಮೊದಲ ಸಲ ₹5,000ಕ್ಕಿಂತ ಕಡಿಮೆ ಬೆಲೆಯದನ್ನು ಕದ್ದು ವಾಪಸ್ ಕೊಟ್ಟರೆ, ಈಗಿನ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೇ ಶಿಕ್ಷೆ. ಹಿಂದುಳಿದವರು, ದಲಿತರು ಎಂಬ ಪೂರ್ವಗ್ರಹದಿಂದ ಸುಮ್ನೆ ಹಿಸ್ಟರಿ ಶೀಟ್ (ಪೊಲೀಸರು ನಿಗಾ ಇಡುವವರ ದಾಖಲೆ) ತೆರೆಯಬೇಡಿ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ನಮ್ಮ ಠಾಣೆಗಳು ತಮ್ಮ ರೌಡಿ ಪಟ್ಟಿಯನ್ನು ಮತ್ತೆ ಕೂತು ನೋಡಿವೆಯೇ? ಪೊಲೀಸ್ ಕಮಿಷನರ್ ಪೇಪರಿನಲ್ಲೇ ಉತ್ತರ ಕೊಟ್ಟರೆ ಒಳ್ಳೆಯದು.

ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕಡೆಯ ಕಾರ್ಖಾನೆಯವರಲ್ಲಿ ಒಂದು ವಿನಂತಿ. ಕೇಸು ಇದೆ ಅಂದ ಕೂಡಲೇ ಅರ್ಜಿ ಪಕ್ಕಕ್ಕಿಡಬೇಡಿ. ಏನು ಕೇಸು, ಆಗ ವಯಸ್ಸೆಷ್ಟು, ಆಮೇಲೆ ಏನಾದರೂ ಆಗಿದೆಯೇ ಅಂತ ಕೇಳಿ. ಕೈಯಲ್ಲಿ ಕಸುಬು ಇದೆಯೋ ಇಲ್ಲವೋ ನೋಡಿ. ನನ್ನ ಹುಡುಗನಿಗೆ ಪಿಎಫ್ ಇರುವ ಕೆಲಸ ಸಿಕ್ಕರೆ ನಾನೇ ಕಳಿಸಿಕೊಡುತ್ತೇನೆ. ಕೇಸಿನ ತಾರೀಖಿಗೆ ತಿಂಗಳಲ್ಲಿ ಒಂದು ದಿನ ರಜೆ ಕೊಡಬೇಕಾಗಬಹುದು, ಅಷ್ಟೇ.

– ಮೋಟಾರ್ ವೈಂಡಿಂಗ್ ಅಂಗಡಿಯವನು, ಹಳೇ ಹುಬ್ಬಳ್ಳಿ