ಜೂನ್ 1ರಿಂದ ಬೋರ್ಡ್ ಮಾರಾಟದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಜೂನ್ 1ರಿಂದ ನಮ್ಮಲ್ಲಿ ಮಾತಿನ ಬೋರ್ಡ್ (ಮಾತು ಬಾರದವರು ಚಿತ್ರ, ಅಕ್ಷರ ತೋರಿಸಿ ಹೇಳಬೇಕಾದ್ದನ್ನು ಹೇಳುವ ಹಲಗೆ) ಆಗಲಿ, ಮಾತಾಡುವ ಸಾಧನ ಆಗಲಿ, ಕೇಳಿದ ದಿನವೇ ಕಟ್ಟಿ ಕೊಡುವುದಿಲ್ಲ. ಮೊದಲು ಮೂರು ವಾರ ಬಾಡಿಗೆಗೆ ಒಯ್ದು ನೋಡಬೇಕು. ಬಳಸುವವರೇ ಕೂತು ಆರಿಸಬೇಕು. ಅವರು ಬರುವ ಸ್ಥಿತಿಯಲ್ಲಿ ಇಲ್ಲದಿದ್ದರೆ ನಾವೇ ಮನೆಗೆ ಬರುತ್ತೇವೆ. ಬೋರ್ಡಿನ ಬೆಲೆ 900 ರೂಪಾಯಿಯಿಂದ 1,200ಕ್ಕೆ ಏರುತ್ತದೆ. ಕಾರ್ಕಳ, ಕುಂದಾಪುರದಿಂದ ಬಸ್ಸು ಹತ್ತಿ ಬರುವವರಿಗೆ ಇದು ತೊಂದರೆಯೇ. ಕ್ಷಮಿಸಿ.

"ನಾಲ್ಕು ಚಿತ್ರಕ್ಕೆ ಲ್ಯಾಮಿನೇಶನ್ ಹೊಡೆದು ಇಷ್ಟು ದುಡ್ಡಾ? ಹಂಪನಕಟ್ಟೆಯ ಜೆರಾಕ್ಸ್ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಆಗ್ತದೆ ಮಾರಾಯ್ರೆ!" ಈ ಮಾತು ತುಂಬಾ ಸಲ ಕೇಳಿದ್ದೇವೆ. ಬೇಜಾರೂ ಆಗಿದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಸ್ಟ್ರೋಕ್ ಆಗಿ ಮಾತು ಕಳೆದುಕೊಂಡವರಲ್ಲಿ ಹೆಚ್ಚಿನವರಿಗೆ ಪೆಟ್ಟು ಬಿದ್ದಿರುವುದು ಮೆದುಳಿನ ಎಡಭಾಗಕ್ಕೆ. ಎಷ್ಟೋ ಜನರಿಗೆ ಬಲಗೈ ಏಳುವುದಿಲ್ಲ. ಕೆಲವರಿಗೆ ಬಲಬದಿಯಲ್ಲಿ ಇಟ್ಟದ್ದು ಕಾಣುವುದೇ ಇಲ್ಲ. ಓದುವುದೂ ಕಷ್ಟವಾಗಿರುತ್ತದೆ. ಅವರಿಗೆ ಅಕ್ಷರದ ಬೋರ್ಡ್ ಕೊಟ್ಟರೆ ಸುಮ್ನೆ ದುಡ್ಡು ದಂಡ. ಫೋಟೊ ಬೇಕು, ಅದೂ ಎಡಬದಿಗೆ.

ಮೋಟಾರ್ ನ್ಯೂರಾನ್ ಕಾಯಿಲೆ, ಅಂದರೆ ಸ್ನಾಯುಗಳನ್ನು ನಡೆಸುವ ನರಗಳು ಸೋಲುತ್ತಾ ಹೋಗುವ ಕಾಯಿಲೆ, ಇದ್ದವರದ್ದು ಬೇರೆಯೇ ಲೆಕ್ಕ. ಹೆಚ್ಚಿನವರು ಚೆನ್ನಾಗಿ ಓದುತ್ತಾರೆ, ಆದರೆ ಕೈ, ನಾಲಗೆ ಕೇಳುವುದಿಲ್ಲ. ಅವರಿಗೆ ಅಕ್ಷರ ಬರೆದ, ಆಚೆ ಈಚೆ ಕಾಣುವ ಅಕ್ರಿಲಿಕ್ ಶೀಟ್. ಎದುರು ಕೂತವರು ಅದರ ಮೂಲಕ ಅವರ ಕಣ್ಣು ಎತ್ತ ಹೋಯಿತೆಂದು ನೋಡಿ ಅಕ್ಷರ ಹಿಡಿಯಬೇಕು. ಕನ್ನಡಕ್ಕೆ 49 ಅಕ್ಷರ, ಮೇಲಿಂದ ಕಾಗುಣಿತ, ಒತ್ತು. ಎಲ್ಲವನ್ನೂ ಒಟ್ಟಿಗೆ ತುಂಬಿದರೆ ಕಣ್ಣು ಸೋತುಹೋಗುತ್ತದೆ. ಹಾಗಾಗಿ ಮೊದಲ ನೋಟಕ್ಕೆ ಅಕ್ಷರಗಳ ಗುಂಪು, ಎರಡನೇ ನೋಟಕ್ಕೆ ಆ ಗುಂಪಿನೊಳಗಿನ ಅಕ್ಷರ. ಇದನ್ನು ಮನೆಯವರಿಗೆ ರೂಢಿ ಮಾಡಿಸಲು ಒಂದು ಮಧ್ಯಾಹ್ನ ಪೂರ್ತಿ ಹಿಡಿಯುತ್ತದೆ.

ಇನ್ನು, ಬೋರ್ಡಿನಲ್ಲಿ ಯಾವ ಮಾತು ಇರಬೇಕು? ಉಡುಪಿ ಕಡೆಯ ಒಬ್ಬ ಅಮ್ಮನಿಗಾಗಿ ಮಗ ಪಟ್ಟಿ ಬರೆದು ತಂದಿದ್ದರು: ನೀರು, ಊಟ, ಬಾತ್‌ರೂಮ್, ನೋವು. ಅಮ್ಮ ಬೋರ್ಡನ್ನು ಬದಿಗೆ ತಳ್ಳಿಬಿಟ್ಟರು. ಬೇರೆ ಬೇರೆ ಚಿತ್ರ ಎದುರಿಗೆ ಹಿಡಿಯುತ್ತಾ ಹೋದೆವು. ಅವರು ಎಡಗೈ ಇಟ್ಟದ್ದು ಮೊದಲು ಬಂಗುಡೆಯ ಮೇಲೆ, ಆಮೇಲೆ ಮಗಳ ಫೋಟೊ ಮೇಲೆ, ಆಮೇಲೆ 'ಸುಮ್ಮನಿರು' ಅನ್ನುವ ಚಿತ್ರದ ಮೇಲೆ. ಇವತ್ತು ಯಾವ ಮೀನು ತರಬೇಕು ಎಂದು ಆ ಮನೆಯಲ್ಲಿ ಹೇಳುತ್ತಿದ್ದವರು ಅವರೇ ಅಲ್ವಾ! ಜೆರಾಕ್ಸ್ ಅಂಗಡಿಯವರು ಇಷ್ಟೆಲ್ಲ ಕೇಳುತ್ತಾ ಕೂರುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ನಮ್ಮದು ಅದೇ ಕೆಲಸ. ಅದರಲ್ಲಿ ನಮಗೆ ಹೆಮ್ಮೆ ಇದೆ.

ಸಾಧಾರಣ ಲ್ಯಾಮಿನೇಶನ್ ನಮ್ಮ ಮಳೆಗಾಲಕ್ಕೆ ಅಂಚು ಬಿಡುತ್ತದೆ, ಒಳಗೆ ಬೂಸ್ಟು ಹಿಡಿಯುತ್ತದೆ. ಹೊಳೆಯುವ ಶೀಟಿನ ಮೇಲೆ ಟ್ಯೂಬ್‌ಲೈಟ್ ಬಿದ್ದರೆ ಮಲಗಿದವರಿಗೆ ಏನೂ ಕಾಣುವುದಿಲ್ಲ. ನಾವು ಹಾಕುವ ದಪ್ಪ ಮ್ಯಾಟ್ ಶೀಟಿಗೆ ಜಾಸ್ತಿ ಬೀಳುತ್ತದೆ.

ಕಣ್ಣಿನಿಂದ ನಡೆಸುವ ಸಾಧನಗಳನ್ನು ನಾವು ಹೊರದೇಶದಿಂದ ತರಿಸುತ್ತೇವೆ. ಡಾಲರ್ ಏರಿದರೆ ಬೈಗುಳ ಮಾತ್ರ ನಮಗೆ! "ಹಾಕಿಂಗ್ ಅವರ ಹತ್ತಿರ ಇದ್ದಂಥದ್ದೇ ಕೊಡಿ" ಎಂದು ಕೇಳುವವರಿದ್ದಾರೆ. ಇದೇ ಮೋಟಾರ್ ನ್ಯೂರಾನ್ ಕಾಯಿಲೆ ಇದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರೂ ಮೊದಲು ಕೈಯಲ್ಲಿ ಸ್ವಿಚ್ ಒತ್ತುತ್ತಿದ್ದರು, ಕೈ ಸೋತ ಮೇಲೆ ಕೆನ್ನೆಯ ಸ್ನಾಯು ಅಲುಗಿಸಿ ಕಂಪ್ಯೂಟರ್ ನಡೆಸಿದರು. ಕಾಯಿಲೆ ಮುಂದುವರಿದ ಹಾಗೆ ಸಾಧನವೂ ಬದಲಾಗಬೇಕಾಗುತ್ತದೆ. ನೀವು ಸಾಲ ಮಾಡಿ ಕೊಂಡದ್ದು ವರ್ಷದೊಳಗೆ ಅಟ್ಟ ಸೇರುವುದು ನಮಗೆ ಬೇಡ. ಬಾಡಿಗೆ ಇಟ್ಟದ್ದು ಅದಕ್ಕೇ. ಕೊಳ್ಳುವುದಾದರೆ ಕೊಟ್ಟ ಬಾಡಿಗೆಯನ್ನು ಬೆಲೆಯಲ್ಲಿ ಕಳೆಯುತ್ತೇವೆ.

ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳಿಗೆ ಆಯಾ ಭಾಷೆಯಲ್ಲೇ, ಮನೆಯವರ ಧ್ವನಿಯಲ್ಲೇ ರೆಕಾರ್ಡ್ ಮಾಡಿ ಕೊಡುವುದು ಮೊದಲಿನ ಹಾಗೇ ಉಚಿತ. ಹಳೇ ಗ್ರಾಹಕರು ಗಾಬರಿ ಆಗಬೇಡಿ, ನಿಮ್ಮ ಫೈಲ್ ನಮ್ಮ ಕಪಾಟಿನಲ್ಲೇ ಇದೆ. ಚಿತ್ರ ಬದಲಿಸಲು, ಹೊಸ ಮೊಮ್ಮಗುವಿನ ಫೋಟೊ ಸೇರಿಸಲು ದುಡ್ಡು ಕೇಳುವುದಿಲ್ಲ. ಶನಿವಾರ ನಾವು ಮನೆಭೇಟಿಗೆ ಹೋಗುವುದರಿಂದ ಅಂಗಡಿ ತೆರೆದಿರುವುದಿಲ್ಲ.

ಬರುವಾಗ ಬೋರ್ಡ್ ಬಳಸುವವರ ಕನ್ನಡಕ, ಕಿವಿಯ ಮಷೀನ್ ಇದ್ದರೆ ಮರೆಯದೆ ತನ್ನಿ. ಅವೆರಡಿಲ್ಲದೆ ಯಾವ ಬೋರ್ಡ್ ಸರಿಯೆಂದು ಹೇಳಲು ಆಗುವುದಿಲ್ಲ.

ನಿಮ್ಮ,
ಅಂಗಡಿಯ ಎಲ್ಲರ ಪರವಾಗಿ
ಮಂಗಳೂರು