ಬೆನ್ನಿಗೆ ಬೆನ್ನು ಕೊಟ್ಟ ಮನೆಗಳ ಮಕ್ಕಳು

ಮಾನ್ಯರೇ,

ಎರಡನೇ ಮಹಾಯುದ್ಧದ ನಂತರದ ಇಂಗ್ಲೆಂಡಿನ ಬಗ್ಗೆ ಬರೆಯುವವರು ರಾಜಕಾರಣವನ್ನೇ ಜಾಸ್ತಿ ಬರೆಯುತ್ತಾರೆ. ಕಾರ್ಮಿಕರ ಮಕ್ಕಳು ಅಲ್ಲಿ ಕಾಣುವುದೇ ಇಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿರುವ ನನಗೆ ಆ ಕಾಲ ಗೊತ್ತಾಗಿದ್ದು ನೆರೆಯ ಹಿರಿಯರ ಮಾತಿನಿಂದ.

ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿದ ಇಟ್ಟಿಗೆ ಮನೆಗಳು. ಹಿಂಬದಿಯ ಗೋಡೆ ಆಚೆ ಮನೆಗೂ ಅದೇ, ಹಾಗಾಗಿ ಹಿತ್ತಲ ಬಾಗಿಲೇ ಇಲ್ಲ. ಅಂಗಳದ ಕಕ್ಕಸು ಹಲವು ಮನೆಗಳಿಗೆ ಸೇರಿದ್ದು. ವಾರಕ್ಕೊಮ್ಮೆ ಬೆಂಕಿಯ ಮುಂದೆ ತಗಡಿನ ತೊಟ್ಟಿಯಲ್ಲಿ ಸ್ನಾನ, ಅದೂ ಒಂದೇ ನೀರಿನಲ್ಲಿ ಒಬ್ಬರಾದ ಮೇಲೊಬ್ಬರು! ಬಾಂಬು ಬಿದ್ದು ಪಾಳಾದ ಜಾಗವೇ ಆಟದ ಬಯಲು. ಇಷ್ಟೇ ಕೊಳ್ಳಬೇಕೆಂದು ಮಿಠಾಯಿಗೆ ಇದ್ದ ಪಡಿತರದ ಮಿತಿ ಮುಗಿದದ್ದು 1953ರ ಫೆಬ್ರವರಿಯಲ್ಲಿ. ಮಾಂಸದ ಮಿತಿ ಹೋಗಲು 1954ರ ಜುಲೈವರೆಗೂ ಕಾಯಬೇಕಾಯಿತು.

ಈ ಹಿರಿಯರ ನೆನಪುಗಳನ್ನು ಸುಮ್ನೆ ಹಳೆಯದರ ಮೋಹ ಅಂತ ತಳ್ಳಿಹಾಕುವುದು ತಪ್ಪು. ತೇವದ ಗೋಡೆ, ಕಲ್ಲಿದ್ದಲ ಹೊಗೆ, ಚಳಿಗಾಲದ ಕೆಮ್ಮು ಯಾವುದನ್ನೂ ಅವರು ಮರೆತಿಲ್ಲ. ಆ ಬಡತನ ಯಾರಿಗೆ ಬೇಕು? ಆದರೆ 1946ರಿಂದ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಹಾಲು ಉಚಿತವಾಗಿ ಸಿಕ್ಕಿತು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದ ಮೇಲೆ ಡಾಕ್ಟರ ಬಿಲ್ಲಿನ ಭಯ ಹೋಯಿತು. ಅಪ್ಪಂದಿರಿಗೆ ಕಾರ್ಖಾನೆಯಲ್ಲಿ ಕೆಲಸವಿತ್ತು. ನಮ್ಮ ಮಕ್ಕಳ ಕಾಲ ಚೆನ್ನಾಗಿರುತ್ತದೆ ಅನ್ನುವ ಭರವಸೆ ಆ ಬೀದಿಗಳಲ್ಲಿತ್ತು. ಅವರು ಹಂಬಲಿಸುವುದು ಅದಕ್ಕೆ ಅಲ್ವಾ?

ನಗರದ ಹರ್ಸ್ಟ್ ಸ್ಟ್ರೀಟ್ ಬಳಿ ಇಂಥ ಮನೆಗಳ ಒಂದು ಅಂಗಳ ಉಳಿದಿದೆ. ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ 2004ರಲ್ಲಿ ಅದನ್ನು ಜನರಿಗೆ ತೆರೆಯಿತು. ಇಂಗ್ಲೆಂಡಿಗೆ ಬರುವ ಕನ್ನಡಿಗರು ಅರಮನೆಗಳ ಜೊತೆಗೆ ಇದನ್ನೂ ನೋಡಬೇಕೆಂದು ಕೋರುತ್ತೇನೆ.

– ಓದುಗ, ಬರ್ಮಿಂಗ್‌ಹ್ಯಾಮ್